ಗಿಟಾರ್ ಮಾಡಿದವರು ಯಾರು, ಹೆಸರು ಯಾರದು?

ಹೋದ ವರ್ಷದ ಗಣೇಶ ಹಬ್ಬದಲ್ಲಿ ನಮ್ಮ ತಾಲ್ಲೂಕಿನ ಒಂದು ಊರಿಗೆ ಆರ್ಕೆಸ್ಟ್ರಾ ಸುದ್ದಿಗೆಂದು ಹೋಗಿದ್ದೆ. ಸುದ್ದಿ ಅಂದರೆ ಒಂದು ಫೋಟೊ, ನಾಲ್ಕು ಸಾಲು, ಅಷ್ಟೇ. ಕರೆಂಟ್ ಹೋಗಿ ಕಾರ್ಯಕ್ರಮ ಒಂದೂವರೆ ಗಂಟೆ ತಡವಾಯಿತು. ವೇದಿಕೆಯ ಹಿಂದೆ ಐವತ್ತು ದಾಟಿದ ಗಿಟಾರ್ ವಾದಕರೊಬ್ಬರು ಹಳೇ ಪಂಚೆಯ ತುಂಡಿನಿಂದ ತಮ್ಮ ಗಿಟಾರ್ ಒರೆಸುತ್ತ ಕೂತಿದ್ದರು. ಕೆಂಪು ಬಣ್ಣ, ಅಂಚಿಗೆ ಬಂದಂತೆ ಕಪ್ಪು. ಅಲ್ಲಲ್ಲಿ ಕಿತ್ತು ಮರ ಕಾಣುತ್ತಿತ್ತು. ಮೈಮೇಲೆ ಸಾಲಾಗಿ ಬಿಳಿ ಸ್ವಿಚ್ಚುಗಳು. ಆದರೆ ತಲೆಯ ಮೇಲೆ ಕಂಪನಿ ಹೆಸರು ಇರಬೇಕಾದ ಕಡೆ ಎರಡು ಸಣ್ಣ ತೂತು ಬಿಟ್ಟರೆ ಏನೂ ಇಲ್ಲ.

“ಯಾವ ಕಂಪನಿದಣ್ಣ ಇದು?” ಅಂದೆ.

“ಗೊತ್ತಿಲ್ಲ ತಮ್ಮ. ನಮ್ಮ ಮಾವ ಬೊಂಬಾಯಲ್ಲಿದ್ದಾಗ ಹಡಗಿನೋರ ಹತ್ರ ತಗೊಂಡಿದ್ದು. ನಾನು ನೋಡ್ದಾಗಿಂದ್ಲೂ ಹೆಸರಿಲ್ಲ” ಎಂದು ಗಿಟಾರನ್ನು ತಿರುಗಿಸಿ ತೋರಿಸಿದರು. ಕತ್ತು ಮೈಗೆ ಸೇರುವ ಜಾಗದಲ್ಲಿ ನಾಲ್ಕು ಸ್ಕ್ರೂ ಬಿಗಿದ ಒಂದು ತಗಡು. ಅದರ ಮೇಲೆ ಇಂಗ್ಲಿಷಿನಲ್ಲಿ ಒತ್ತಿದ ಅಕ್ಷರ: ಮೇಡ್ ಇನ್ ಜಪಾನ್.

ಆ ತಗಡು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ತಿಂಗಳುಗಟ್ಟಲೆ ರಾತ್ರಿ ಹೊತ್ತು ಮೊಬೈಲಿನಲ್ಲಿ ಹುಡುಕಿ ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಹಳೇ ಜಪಾನಿ ಗಿಟಾರ್‌ಗಳನ್ನು ಹುಡುಕಿ ಕೂಡಿಡುವವರು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಎಲ್ಲ ಕಡೆ ಇದ್ದಾರೆ, ಜಪಾನಿನಲ್ಲೂ ಇದ್ದಾರೆ. ಒಂದು ಕಾಲಕ್ಕೆ ‘ಅಗ್ಗದ ಮಾಲು’ ಎಂದು ಅಂಗಡಿಯವರೇ ಮೂಗು ಮುರಿದ ವಸ್ತು ಅದು.

ಎಲೆಕ್ಟ್ರಿಕ್ ಗಿಟಾರ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸಾದಾ ಗಿಟಾರಿನ ಹೊಟ್ಟೆ ಟೊಳ್ಳು, ಶಬ್ದ ಅಲ್ಲಿಂದಲೇ ದೊಡ್ಡದಾಗಿ ಬರುತ್ತದೆ. ಎಲೆಕ್ಟ್ರಿಕ್ ಗಿಟಾರ್ ಬಹುಪಾಲು ಗಟ್ಟಿ ಮರದ ಹಲಗೆ. ತಂತಿಯ ಕೆಳಗೆ ‘ಪಿಕಪ್’ ಎಂಬ ಡಬ್ಬಿ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಜೊತೆಗೆ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಹಳೇ ಸೈಕಲ್ಲಿನ ಡೈನಮೊ ನೆನಪಿದೆಯಲ್ಲ? ಅಲ್ಲಿ ಚಕ್ರ ತಿರುಗಿ ಕರೆಂಟ್ ಹುಟ್ಟುತ್ತದೆ, ಇಲ್ಲಿ ಉಕ್ಕಿನ ತಂತಿ ನಡುಗಿ ಹುಟ್ಟುತ್ತದೆ. ಆ ಚೂರು ಕರೆಂಟನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ.

ಜಪಾನಿನಲ್ಲಿ ಇದು ಶುರುವಾದದ್ದು ಹವಾಯಿಯನ್ ಗಿಟಾರಿನಿಂದ. ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡನ್ನು ತಂತಿ ಮೇಲೆ ಜಾರಿಸಿ ನುಡಿಸುತ್ತಾರಲ್ಲ, ಅದು. ಮಿತ್ಸುವೊ ಮತ್ಸುಕಿ ಎಂಬುವರು 1933ರಲ್ಲಿ ಶುರುಮಾಡಿದ ಕೆಲಸವೇ ಮುಂದೆ ‘ಗುಯಾಟೋನ್’ ಆಯಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅತ್ಸುವೊ ಕನೆಕೊ ಎಂಬ ವಾದಕರೂ ದೊರ್ಯು ಮತ್ಸುದಾ ಎಂಬ ಎಂಜಿನಿಯರೂ ಸೇರಿ ಟೋಕಿಯೊದಲ್ಲಿ ಕಟ್ಟಿದ್ದು ‘ಟೈಸ್ಕೊ’.

ನಡುವೆ ಒಂದು ಮಾತು. ಭಜನೆ ಮಂಡಳಿಗಳಲ್ಲಿ ಟೈಪ್‌ರೈಟರಿನಂಥ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ನೋಡಿರುತ್ತೀರಿ. ಅದರ ಮೂಲವೂ ಜಪಾನೇ. 1912ರಲ್ಲಿ ನಗೋಯಾ ಊರಿನಲ್ಲಿ ಹುಟ್ಟಿದ ‘ತೈಶೊಗೊತೊ’ ಎಂಬ ವಾದ್ಯ ಅದು. ಜಪಾನಿನ ತಂತಿವಾದ್ಯ ನಮಗೆ ಪೂರ್ತಿ ಅಪರಿಚಿತವೇನಲ್ಲ ಅನ್ನುವುದಕ್ಕೆ ಹೇಳಿದೆ.

ಜಪಾನಿನ ಹುಡುಗರಿಗೆ ಗಿಟಾರಿನ ಹುಚ್ಚು ಹಿಡಿಸಿದ್ದು ‘ದಿ ವೆಂಚರ್ಸ್’ ಎಂಬ ಅಮೆರಿಕದ ತಂಡ. ಹಾಡಿಲ್ಲ, ಬರೀ ಗಿಟಾರು, ಡ್ರಮ್ಮು. 1965ರ ಜನವರಿಯಲ್ಲಿ ಅವರು ಜಪಾನಿಗೆ ಬಂದು ಹೋದ ಮೇಲೆ ಊರೂರಲ್ಲಿ ತಂಡ ಹುಟ್ಟಿಕೊಂಡವು. ಈ ಹುಚ್ಚಿಗೆ ಅಲ್ಲಿನವರು ಇಟ್ಟ ಹೆಸರು ‘ಎಲೆಕಿ’, ಎಲೆಕ್ಟ್ರಿಕ್ ಅನ್ನುವುದರ ಅರ್ಧ. ಅದೇ ವರ್ಷ ಎಲೆಕಿ ಹುಡುಗನೊಬ್ಬನ ಕಥೆಯ ಸಿನಿಮಾ ಬಂತು, ಯೂಝೊ ಕಯಾಮಾ ಹೀರೊ. ಅದೇ ವರ್ಷ ಅಕ್ಟೋಬರಿನಲ್ಲಿ ಅಶಿಕಾಗಾ ಊರಿನ ಶಿಕ್ಷಣ ಮಂಡಳಿ ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಮುಟ್ಟಬಾರದೆಂದು ನಿಷೇಧ ಹಾಕಿತು! ಮಕ್ಕಳು ಕೆಡುತ್ತಾರೆ, ಓದು ಹಾಳಾಗುತ್ತದೆ ಅನ್ನುವ ಭಯ. ಬೇರೆ ಊರುಗಳೂ ಅದೇ ಹಾದಿ ಹಿಡಿದವು. ಈಗ ನಾವು ಮೊಬೈಲ್ ಬಗ್ಗೆ ಆಡುವ ಮಾತನ್ನೇ ಅವರು ಗಿಟಾರ್ ಬಗ್ಗೆ ಆಡುತ್ತಿದ್ದರು.

ತಕೇಶಿ ತೆರಾಉಚಿ ಎಂಬ ಗಿಟಾರ್ ವಾದಕರು ಇದಕ್ಕೆ ಜಗಳ ಆಡಲಿಲ್ಲ. ಶಾಲೆಗಳಿಗೇ ಹೋಗಿ ನುಡಿಸಿ ತೋರಿಸಿದರು. ಮೇಷ್ಟ್ರುಗಳೂ ತಲೆದೂಗಲೆಂದು ಬೀತೊವನ್‌ನ ಐದನೇ ಸಿಂಫನಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಹೊಂದಿಸಿ 1967ರಲ್ಲಿ ರೆಕಾರ್ಡ್ ಮಾಡಿದರು. ಅದಕ್ಕೆ ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿಯಲ್ಲಿ ವಾದ್ಯ ಸಂಯೋಜನೆಯ ಬಹುಮಾನ ಬಂತು. ಈ ಮನುಷ್ಯ ನನಗೆ ಬಹಳ ಇಷ್ಟವಾದರು.

ಇತ್ತ ಅಮೆರಿಕದಲ್ಲಿ ಇನ್ನೊಂದು ಕಥೆ. 1964ರ ಫೆಬ್ರುವರಿ 9ರಂದು ಬೀಟಲ್ಸ್ ಅಲ್ಲಿನ ಟೀವಿಯಲ್ಲಿ ಬಂದರು. ಏಳು ಕೋಟಿಗೂ ಹೆಚ್ಚು ಜನ ನೋಡಿದರು. ಮರುದಿನದಿಂದ ಪ್ರತಿ ಹುಡುಗನಿಗೂ ಗಿಟಾರ್ ಬೇಕು. ಫೆಂಡರ್, ಗಿಬ್ಸನ್‌ನಂಥ ಅಮೆರಿಕದ ದೊಡ್ಡ ಕಂಪನಿಗಳ ಗಿಟಾರ್ ಎಲ್ಲರ ಅಪ್ಪಂದಿರ ಜೇಬಿಗೆ ಎಟುಕುವಂಥದ್ದಲ್ಲ. ಆ ಜಾಗಕ್ಕೆ ಬಂದಿದ್ದು ಜಪಾನಿನ ಮಾಲು. ಆಗ ಒಂದು ಡಾಲರಿಗೆ 360 ಯೆನ್, 1949ರಿಂದ ಹಾಗೇ ನಿಗದಿಯಾಗಿತ್ತು. ಹಾಗಾಗಿ ಜಪಾನಿನ ಸಾಮಾನು ಅಮೆರಿಕದವರಿಗೆ ಬಲು ಅಗ್ಗ.

ಹೆಸರಿನ ಆಟ ಶುರುವಾಗುವುದೇ ಇಲ್ಲಿ. ಅಮೆರಿಕದ ವ್ಯಾಪಾರಿ ಜಪಾನಿಗೆ ಆರ್ಡರ್ ಕೊಡುತ್ತಿದ್ದ, ತಲೆಯ ಮೇಲೆ ತನಗೆ ಬೇಕಾದ ಹೆಸರು ಹಾಕಿಸಿಕೊಳ್ಳುತ್ತಿದ್ದ. ಟೈಸ್ಕೊ ಕಾರ್ಖಾನೆಯ ಗಿಟಾರೇ ಒಂದು ಕಡೆ ‘ಟೈಸ್ಕೊ ಡೆಲ್ ರೇ’, ಸಿಯರ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ‘ಸಿಲ್ವರ್‌ಟೋನ್’, ಮತ್ತೊಂದು ಕಡೆ ‘ಕಿಂಗ್‌ಸ್ಟನ್’. ಮರ ಅದೇ, ಪಿಕಪ್ ಅದೇ, ಮಾಡಿದ ಕೈಯೂ ಅದೇ. ತಲೆಗೆ ಬಡಿದ ತಗಡಿನ ಹೆಸರು ಮಾತ್ರ ಬೇರೆ. ಆ ತಗಡು ಬಿದ್ದುಹೋದರೆ ಗಿಟಾರಿಗೆ ತಂದೆತಾಯಿಯೇ ಇಲ್ಲ.

ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿಲಲ್ಲಿ ಅಲೆದು, ಬೈಕಿಗೆ ಸ್ವಂತ ಪೆಟ್ರೋಲ್ ಹಾಕಿಸಿ ಬರೆದ ಸುದ್ದಿ ಮಾರನೇ ಬೆಳಗ್ಗೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಅಚ್ಚಾಗಿರುತ್ತದೆ. ಇರಲಿ.

ಈ ಗಿಟಾರ್‌ಗಳು ನಿಜವಾಗಿ ಹುಟ್ಟುತ್ತಿದ್ದ ಜಾಗಗಳಲ್ಲಿ ಮುಖ್ಯವಾದದ್ದು ಮತ್ಸುಮೊಟೊ. ಜಪಾನಿನ ನಡುಭಾಗದಲ್ಲಿ, ನಾಗಾನೋ ಪ್ರಾಂತ್ಯದ ಬೆಟ್ಟಗಳ ನಡುವಿನ ಊರು. ಊರ ಮಧ್ಯೆ ಕಪ್ಪು ಬಣ್ಣದ ಹಳೇ ಕೋಟೆ. ಈ ಪ್ರಾಂತ್ಯ ಒಂದು ಕಾಲಕ್ಕೆ ಜಪಾನಿನ ರೇಷ್ಮೆಯ ತವರು. ನಮ್ಮ ಶಿಡ್ಲಘಟ್ಟ, ರಾಮನಗರದಂತೆ ಹಿಪ್ಪುನೇರಳೆ, ಗೂಡು, ನೂಲು ತೆಗೆಯುವ ಕೆಲಸ. ರೇಷ್ಮೆ ಬಿದ್ದುಹೋದ ಮೇಲೆ ಜನ ಬೇರೆ ಕಸುಬು ಹಿಡಿಯಬೇಕಾಯಿತು. ಸುತ್ತ ಕಾಡು, ಮರಗೆಲಸ ಬಲ್ಲವರು, ಒಣಹವೆ. ಹಸಿ ಗಾಳಿಯಲ್ಲಿ ಹಲಗೆ ಸೊಟ್ಟಗಾಗುತ್ತದೆ ಅನ್ನುವುದು ಬಡಗಿಗಳಿಗೆ ಗೊತ್ತಲ್ಲ, ಒಣಹವೆ ಗಿಟಾರಿಗೆ ವರ.

ಅಲ್ಲಿನ ‘ಮತ್ಸುಮೊಕು’ ಎಂಬ ಕಾರ್ಖಾನೆ 1951ರಲ್ಲಿ ಶುರುವಾದದ್ದು ಮರಗೆಲಸಕ್ಕೆ. ಅವರ ದೊಡ್ಡ ಕೆಲಸ ಯಾವುದು ಗೊತ್ತೇ? ಸಿಂಗರ್ ಹೊಲಿಗೆ ಮಷಿನ್‌ಗಳಿಗೆ ಮರದ ಪೆಟ್ಟಿಗೆ, ಮೇಜು ಮಾಡುವುದು. ದರ್ಜಿ ಅಂಗಡಿಯಲ್ಲಿ ಮಷಿನ್ ಕೂರಿಸಿದ ಆ ನುಣುಪಾದ ಹಲಗೆ ನೋಡಿದ್ದೀರಲ್ಲ, ಆ ಥರದ್ದು. ಮರ ಒಣಗಿಸುವುದು, ಅಂಚು ಉಜ್ಜುವುದು, ಕನ್ನಡಿಯಂಥ ಪಾಲಿಶ್ ಕೊಡುವುದು ಅವರಿಗೆ ಕರಗತ. ಅದೇ ಕೈಗಳು ಗಿಟಾರಿಗೆ ತಿರುಗಿದವು. ಎಪ್ಪತ್ತರ ದಶಕದಲ್ಲಿ ಏರಿಯಾ, ಯುನಿವೊಕ್ಸ್, ಎಪಿಫೋನ್ ಹೆಸರಿನ ಗಿಟಾರ್‌ಗಳು ಇಲ್ಲಿಂದ ಹೋದವು. ಇಷ್ಟೆಲ್ಲ ಆದರೂ ‘ಮತ್ಸುಮೊಕು’ ಎಂಬ ಹೆಸರು ಆಗ ಗಿಟಾರ್ ಕೊಳ್ಳುವವರಿಗೆ ಗೊತ್ತೇ ಇರಲಿಲ್ಲ.

ಅದೇ ಊರಲ್ಲಿ 1960ರಲ್ಲಿ ‘ಫುಜಿಗೆನ್’ ಶುರುವಾಯಿತು. ಕಟ್ಟಿದವರು ಯುತಕ ಮಿಮುರ ಮತ್ತು ಯುಯಿಚಿರೊ ಯೊಕೊಉಚಿ. ಯೊಕೊಉಚಿ ಅದುವರೆಗೆ ಬೇಸಾಯ ಮಾಡಿಕೊಂಡಿದ್ದವರು. ಗಿಟಾರ್ ಮಾಡಿದ ಅನುಭವವಿಲ್ಲ. ಮೊದಲು ಸಾದಾ ಗಿಟಾರ್ ಮಾಡಿದರು, ಸ್ವಲ್ಪ ಕಾಲದಲ್ಲೇ ಎಲೆಕ್ಟ್ರಿಕ್‌ಗೆ ಇಳಿದರು. ಮಾಲು ಮಾರಲು ಆ ರೈತ ಒಬ್ಬರೇ ಅಮೆರಿಕಕ್ಕೂ ಹೋಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಮುಂದೆ ಇದೇ ಫುಜಿಗೆನ್ ಜಗತ್ತಿನ ದೊಡ್ಡ ಗಿಟಾರ್ ಕಾರ್ಖಾನೆಗಳಲ್ಲಿ ಒಂದಾಯಿತು.

ಅರವತ್ತರ ದಶಕದ ಕೊನೆಗೆ ಮೊದಲ ಅಲೆ ಇಳಿಯಿತು. ಅಮೆರಿಕದಲ್ಲಿ ಬೇಡಿಕೆ ಬಿತ್ತು, 1967ರಲ್ಲಿ ಟೈಸ್ಕೊವನ್ನು ಕವಾಯಿ ಕಂಪನಿ ಕೊಂಡಿತು. ಎರಡನೇ ಅಲೆ ನಕಲಿನದು. ಜಪಾನಿನ ಕಾರ್ಖಾನೆಗಳು ತಮ್ಮ ವಿಚಿತ್ರ ಆಕಾರಗಳನ್ನು ಬಿಟ್ಟು ಗಿಬ್ಸನ್, ಫೆಂಡರ್ ಗಿಟಾರ್‌ಗಳ ಆಕಾರವನ್ನೇ ಇಳಿಸತೊಡಗಿದವು. ಮೊದಮೊದಲ ನಕಲುಗಳು ನೋಡಲು ಮಾತ್ರ ಹಾಗೆ, ಒಳಗೆ ಪ್ಲೈವುಡ್. ಗಿಬ್ಸನ್‌ನವರು ಅಂಟು ಹಾಕಿ ಕೂಡಿಸುವ ಕತ್ತನ್ನು ಇವರು ಸ್ಕ್ರೂ ಹಾಕಿ ಬಿಗಿಯುತ್ತಿದ್ದರು. ವರ್ಷ ವರ್ಷಕ್ಕೂ ಕಲಿತರು. ಎಪ್ಪತ್ತರ ದಶಕದ ಮಧ್ಯಕ್ಕೆ ಒಳಗೂ ಹೊರಗೂ ಒಳ್ಳೇ ಕೆಲಸ ಬಂತು. ಅದೇ ಹೊತ್ತಿಗೆ ಅಮೆರಿಕದ ಕಂಪನಿಗಳ ಗುಣಮಟ್ಟ ಇಳಿದಿತ್ತು ಎಂದು ವಾದಕರು ಗೊಣಗುತ್ತಿದ್ದರು. ಫೆಂಡರನ್ನು 1965ರಲ್ಲೇ ಸಿಬಿಎಸ್ ಎಂಬ ಟೀವಿ ಕಂಪನಿ ಕೊಂಡಿತ್ತು, ಗಿಬ್ಸನ್ ನಾರ್ಲಿನ್ ಎಂಬ ಕಂಪನಿಯ ಕೈಯಲ್ಲಿತ್ತು.

‘ಇಬಾನೆಜ್’ ಹೆಸರು ಕೇಳಿರಬಹುದು, ಇವತ್ತು ಬೆಂಗಳೂರಿನ ಯಾವ ಗಿಟಾರ್ ಅಂಗಡಿಯಲ್ಲೂ ಸಿಗುತ್ತದೆ. ಹೆಸರು ಸ್ಪೇನಿನದು, ಕಂಪನಿ ನಗೋಯಾದ ಹೊಶಿನೊ. ಪುಸ್ತಕದಂಗಡಿಯ ಒಂದು ಭಾಗವಾಗಿ 1908ರಲ್ಲಿ ಹುಟ್ಟಿದ ವ್ಯಾಪಾರ. ಸ್ಪೇನಿನ ಸಾಲ್ವಡಾರ್ ಇಬಾನೆಜ್ ಹೆಸರಿನ ಗಿಟಾರ್‌ಗಳನ್ನು 1929ರಿಂದ ತರಿಸಿ ಮಾರುತ್ತಿದ್ದರು, ಆಮೇಲೆ ಆ ಹೆಸರನ್ನೇ ತಮ್ಮದು ಮಾಡಿಕೊಂಡರು. ಎಪ್ಪತ್ತರಲ್ಲಿ ಇಬಾನೆಜ್‌ನ ನಕಲು ಗಿಟಾರ್‌ಗಳನ್ನು ಮಾಡಿಕೊಡುತ್ತಿದ್ದುದು ಹೆಚ್ಚಾಗಿ ಫುಜಿಗೆನ್.

1977ರ ಜೂನ್‌ನಲ್ಲಿ ನಾರ್ಲಿನ್ ಅಮೆರಿಕದ ಫಿಲಡೆಲ್ಫಿಯಾ ಕೋರ್ಟಿನಲ್ಲಿ ಹೊಶಿನೊದ ಅಲ್ಲಿನ ಕಂಪನಿಯ ಮೇಲೆ ಕೇಸು ಹಾಕಿತು. ಜಗಳ ಇಡೀ ಗಿಟಾರಿನದಲ್ಲ, ತಲೆಯ ಆಕಾರದ್ದು. ತೆರೆದಿಟ್ಟ ಪುಸ್ತಕದಂತೆ ಕಾಣುವ ಆ ತುದಿ ನಮ್ಮ ಗುರುತು ಅನ್ನುವುದು ಗಿಬ್ಸನ್ ವಾದ. ತಮಾಷೆ ಅಂದರೆ ಇಬಾನೆಜ್ ಅಷ್ಟರಲ್ಲಾಗಲೇ ತಲೆಯ ಆಕಾರ ಬದಲಿಸಿತ್ತು. 1978ರಲ್ಲಿ ಇಬ್ಬರೂ ಕೋರ್ಟಿನ ಹೊರಗೆ ರಾಜಿ ಆದರು. ಆದರೆ ಈ ಒಂದು ಕೇಸಿನ ಹೆಸರು ಹೇಳಿಕೊಂಡು ವ್ಯಾಪಾರಿಗಳು ಇಂದಿಗೂ ಎಪ್ಪತ್ತರ ಯಾವುದೇ ಜಪಾನಿ ಗಿಟಾರನ್ನು ‘ಲಾಸೂಟ್ ಗಿಟಾರ್’ ಎಂದು ಬೆಲೆ ಏರಿಸಿ ಮಾರುತ್ತಾರೆ. ಬಹುತೇಕ ಗಿಟಾರ್‌ಗಳಿಗೂ ಆ ಕೇಸಿಗೂ ಸಂಬಂಧವೇ ಇಲ್ಲ. ‘ಲಾಸೂಟ್’ ಎಂದು ಜಾಹೀರಾತು ಕಂಡರೆ ಜೇಬು ಹಿಡಿದುಕೊಳ್ಳಿ ಎಂದು ಬಲ್ಲವರು ಹೇಳುತ್ತಾರೆ.

ಕೇಸಿನಿಂದ ಜಪಾನಿಗೆ ಆದದ್ದು ನಷ್ಟಕ್ಕಿಂತ ಲಾಭವೇ ಅನ್ನುವುದು ನನ್ನ ಎಣಿಕೆ. ಸ್ವಂತ ವಿನ್ಯಾಸಕ್ಕೆ ಹೆಚ್ಚು ಗಮನ ಬಂತು. ಹಮಾಮತ್ಸು ಊರಿನ ಯಮಹಾ, ಹೌದು, ಬೈಕ್‌ಗಳ ಮೇಲೆ ನೋಡುವ ಅದೇ ಹೆಸರು, 1976ರಲ್ಲಿ ತಂದ ಎಸ್‌ಜಿ 2000 ಗಿಟಾರನ್ನು ಕಾರ್ಲೋಸ್ ಸಂತಾನಾ ನುಡಿಸಿದರು. ಅವರಿಗೆ ಮಾಡಿಕೊಟ್ಟ ಒಂದು ಗಿಟಾರಿನ ಮೈಮೇಲೆ ಬುದ್ಧನ ಚಿತ್ರ ಕೂರಿಸಿದ್ದರು. ಅದೇ ಊರಿನ ಟೊಕಾಯ್ ಕಂಪನಿ ಮಾತ್ರ ನಕಲನ್ನೇ ತಪಸ್ಸಿನಂತೆ ಹಿಡಿಯಿತು. ಐವತ್ತರ ದಶಕದ ಅಸಲಿ ಅಮೆರಿಕನ್ ಗಿಟಾರನ್ನು ಅಳತೆಗೆ ಅಳತೆ ಇಳಿಸಿ 1978ರಲ್ಲಿ ‘ಲೆಸ್ ಪಾಲ್ ರೀಬಾರ್ನ್’ ಎಂದು ಹೆಸರಿಟ್ಟು ಮಾರುವಷ್ಟು ಧೈರ್ಯ! ಆಮೇಲೆ ಹೆಸರು ಬದಲಿಸಿ ‘ಲವ್ ರಾಕ್’ ಎಂದರು.

ಕೊನೆಗೆ ಫೆಂಡರೇ ಸೋತು ಬಂತು. ನಕಲು ಮಾಡುವವರನ್ನು ತಡೆಯುವುದಕ್ಕಿಂತ ಅವರ ಕೈಯಲ್ಲೇ ಅಸಲಿ ಮಾಡಿಸುವುದು ವಾಸಿ ಎಂದು 1982ರಲ್ಲಿ ‘ಫೆಂಡರ್ ಜಪಾನ್’ ಕಟ್ಟಿದರು. ಗಿಟಾರ್ ಮಾಡುವ ಕೆಲಸ ಸಿಕ್ಕಿದ್ದು ಫುಜಿಗೆನ್‌ಗೆ. ‘ಜೆವಿ’ ಅಕ್ಷರದಿಂದ ಶುರುವಾಗುವ ನಂಬರಿನ ಆ ಮೊದಲ ಗಿಟಾರ್‌ಗಳನ್ನು ಇವತ್ತು ಸಂಗ್ರಾಹಕರು ಮುಗಿಬಿದ್ದು ಕೊಳ್ಳುತ್ತಾರೆ. 1985ರಲ್ಲಿ ನೌಕರರೇ ಸೇರಿ ಸಿಬಿಎಸ್‌ನಿಂದ ಫೆಂಡರನ್ನು ಬಿಡಿಸಿಕೊಂಡಾಗ ಆ ಒಪ್ಪಂದದಲ್ಲಿ ಅಮೆರಿಕದ ಹಳೇ ಕಾರ್ಖಾನೆ ಬರಲಿಲ್ಲ. ಹೊಸ ಕಾರ್ಖಾನೆ ಎದ್ದು ನಿಲ್ಲುವ ತನಕ ಆ ಕಂಪನಿಯ ಮರ್ಯಾದೆ ಉಳಿಸಿದ್ದು ಬಹುಪಾಲು ಜಪಾನಿನಲ್ಲಿ ಮಾಡಿದ ಗಿಟಾರ್‌ಗಳೇ.

ಅದೇ 1985ರ ಸೆಪ್ಟೆಂಬರಿನಲ್ಲಿ ದೊಡ್ಡ ದೇಶಗಳು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕೂತು ಡಾಲರಿನ ಬೆಲೆ ಇಳಿಸಲು ಒಪ್ಪಿದವು. ಆಗ ಡಾಲರಿಗೆ ಸುಮಾರು 240 ಇದ್ದ ಯೆನ್ ಎರಡೇ ವರ್ಷದಲ್ಲಿ 150ರ ಆಸುಪಾಸಿಗೆ ಬಂತು. ಅಂದರೆ ಜಪಾನಿನ ಗಿಟಾರ್ ಅಮೆರಿಕದವರಿಗೆ ಕೂತಲ್ಲೇ ದುಬಾರಿ. ಆರ್ಡರುಗಳು ಕೊರಿಯಾದ ದಾರಿ ಹಿಡಿದವು, ಮುಂದೆ ಇಂಡೋನೇಷ್ಯಾ, ಚೀನಾ. 1987ರಲ್ಲಿ ಮತ್ಸುಮೊಕು ಬಾಗಿಲು ಹಾಕಿತು. ಫುಜಿಗೆನ್ ಉಳಿದುಕೊಂಡಿತು, ಈಗ ತನ್ನದೇ ಹೆಸರಿನಲ್ಲೂ ಗಿಟಾರ್ ಮಾಡುತ್ತಿದೆ.

ಈ ಹಳೇ ಗಿಟಾರ್‌ಗಳ ಮೇಲೆ ಪ್ರೀತಿ ಹುಟ್ಟಿಸಿದವರು ದುಡ್ಡಿಲ್ಲದ ವಾದಕರು. ಷಿಕಾಗೊದ ಬ್ಲೂಸ್ ಹಾಡುಗಾರ ಹೌಂಡ್ ಡಾಗ್ ಟೇಲರ್ ನುಡಿಸುತ್ತಿದ್ದದ್ದು ಅಗ್ಗದ ಜಪಾನಿ ಗಿಟಾರನ್ನೇ. ಅವರದೊಂದು ರೆಕಾರ್ಡ್ ತರಲೇಬೇಕೆಂದು ಒಬ್ಬ ಅಭಿಮಾನಿ ಕಂಪನಿಯನ್ನೇ ಶುರುಮಾಡಿ 1971ರಲ್ಲಿ ತಂದರು. ಒರಟು ಶಬ್ದ, ಆದರೆ ಕೇಳಿದರೆ ಬಿಡುವುದಿಲ್ಲ. ನಿರ್ವಾಣ ತಂಡದ ಕರ್ಟ್ ಕೊಬೇನ್ ಕೈಯಲ್ಲಿ ಮತ್ಸುಮೊಕು ಮಾಡಿದ ಯುನಿವೊಕ್ಸ್ ಇತ್ತು. ನಮ್ಮ ವಿಶ್ವಮೋಹನ ಭಟ್ಟರ ಜೊತೆ ನುಡಿಸಿ ಗ್ರ್ಯಾಮಿ ಪ್ರಶಸ್ತಿ ಹಂಚಿಕೊಂಡರಲ್ಲ ರೈ ಕೂಡರ್, ಅವರು ತಮ್ಮ ಫೆಂಡರಿಗೆ ಟೈಸ್ಕೊದ ಹಳೇ ಪಿಕಪ್ ಹಾಕಿಕೊಂಡರು. ಮುಚ್ಚಳದೊಳಗೆ ಚಿನ್ನದ ಬಣ್ಣದ ಹಾಳೆ ಕಾಣುವುದರಿಂದ ಅದಕ್ಕೆ ‘ಗೋಲ್ಡ್ ಫಾಯಿಲ್’ ಎಂದೇ ಹೆಸರು. ಅದು ಸುದ್ದಿಯಾದದ್ದೇ ತಡ, ಜನ ಟೈಸ್ಕೊ ಗಿಟಾರ್ ಕೊಂಡು ಪಿಕಪ್ ಕಿತ್ತುಕೊಂಡು ಉಳಿದ ಮರವನ್ನು ಮೂಲೆಗೆ ಹಾಕತೊಡಗಿದರು. ದಂತಕ್ಕಾಗಿ ಆನೆ ಹೊಡೆದ ಹಾಗೆ.

ಸಂಗ್ರಾಹಕರ ಕೆಲಸ ಅರ್ಧ ಪತ್ತೇದಾರಿಕೆ. ತಲೆ ಮೇಲಿನ ಹೆಸರು ನಂಬುವ ಹಾಗಿಲ್ಲ, ಯಾಕೆಂದರೆ ‘ಗ್ರೆಕೊ’ ಎಂಬುದನ್ನು ಉಜ್ಜಿ ‘ಗಿಬ್ಸನ್’ ಅಂಟಿಸಿ ಮಾರುವ ಕಳ್ಳರಿದ್ದಾರೆ. ಹಾಗಾಗಿ ಸ್ಕ್ರೂ ಬಿಚ್ಚಿ ಒಳಗೆ ನೋಡುತ್ತಾರೆ, ಪಿಕಪ್ಪಿನ ತಳದ ನಂಬರ್ ಓದುತ್ತಾರೆ. ಫುಜಿಗೆನ್ ಮಾಡಿದ ಎಪ್ಪತ್ತರ ಕೊನೆಯ ಇಬಾನೆಜ್ ನಂಬರಿನಲ್ಲಿ ಮೊದಲ ಅಕ್ಷರ ತಿಂಗಳು, ಮುಂದಿನ ಎರಡಂಕಿ ವರ್ಷ. ‘ಎ’ ಅಂದರೆ ಜನವರಿ, ‘ಎಚ್’ ಅಂದರೆ ಆಗಸ್ಟ್. ‘ಎಚ್’ ಆದ ಮೇಲೆ 78 ಇದ್ದರೆ 1978ರ ಆಗಸ್ಟ್. ಟೊಕಾಯ್, ಗ್ರೆಕೊಗಳಲ್ಲಿ ಮಾಡೆಲ್ ನಂಬರೇ ಬೆಲೆ: ಎಲ್‌ಎಸ್ 80 ಅಂದರೆ ಆಗಿನ 80,000 ಯೆನ್. ಬೆಲೆಯನ್ನೇ ಹೆಸರು ಮಾಡಿದ ಈ ನೇರವಂತಿಕೆ ನನಗೆ ಹಿಡಿಸಿತು.

ಮರದ ವಿಚಾರದಲ್ಲಿ ನಮ್ಮೂರಿನ ಎಳೆಯೂ ಒಂದಿದೆ. ಬೆರಳು ಓಡಾಡುವ ಕಪ್ಪು ಪಟ್ಟಿಗೆ ಗಿಟಾರ್ ಲೋಕ ‘ಇಂಡಿಯನ್ ರೋಸ್‌ವುಡ್’ ಬಳಸುತ್ತದೆ. ಅದು ಬೇರೇನಲ್ಲ, ನಮ್ಮ ಮಲೆನಾಡಿನ ಬೀಟೆ. ನಮ್ಮ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲವಲ್ಲ, ಅದೇ. ಬ್ರೆಜಿಲಿನ ಬೀಟೆಗೆ 1992ರಿಂದಲೇ ಅಂತರರಾಷ್ಟ್ರೀಯ ಮಾರಾಟ ನಿಷೇಧವಿದೆ. 2017ರಲ್ಲಿ ಆ ಕುಲದ ಎಲ್ಲ ಮರಕ್ಕೂ ಪರವಾನಗಿ ಬೇಕೆಂದಾಗ ಹಳೇ ಗಿಟಾರ್ ಮಾರುವವರು ಕಂಗಾಲಾದರು, 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.

ಇಷ್ಟು ಓದಿಕೊಂಡು ಮೊನ್ನೆ ಸ್ಕ್ರೂಡ್ರೈವರ್ ಸಮೇತ ಆ ಅಣ್ಣನ ಮನೆಗೆ ಹೋದೆ. “ಹಾಳು ಮಾಡ್ಬೇಡ ಮಾರಾಯ, ಏಳು ಗಂಟೆಗೆ ಪ್ರೋಗ್ರಾಂ ಐತೆ” ಎನ್ನುತ್ತಲೇ ತಂತಿ ಸಡಿಲಿಸಿ ಅವರೇ ನಾಲ್ಕೂ ಸ್ಕ್ರೂ ಬಿಚ್ಚಿದರು. ಕತ್ತು ಕೈಗೆ ಬಂತು. ಅದು ಕೂತಿದ್ದ ಗುಂಡಿಯಲ್ಲಿ ಐವತ್ತು ವರ್ಷಕ್ಕೂ ಮೇಲೆ ಬೆಳಕು ಕಾಣದ ಬಿಳಿ ಮರ. ಅದರ ಮೇಲೆ ಕಡಲೆಬೇಳೆಯಷ್ಟು ಅಗಲದ ಕೆಂಪು ಶಾಯಿಯ ದುಂಡು ಮುದ್ರೆ, ಒಳಗೆ ಅರ್ಧ ಅಳಿಸಿದ ಎರಡು ಜಪಾನಿ ಅಕ್ಷರ. ಮೊಬೈಲ್ ಹಿಡಿದು ಫೋಟೊ ತೆಗೆದೆ. ಅಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಪರೀಕ್ಷೆ ಮಾಡಿದವರು ತಮ್ಮ ಮನೆತನದ ಹೆಸರಿನ ಮುದ್ರೆ ಒತ್ತುವ ರೂಢಿ ಇದೆ ಎಂದು ಹೇಳಿದೆ.

ಅಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು, ಪಂಚೆಯ ತುಂಡು ತಗೊಂಡರು, ಮುದ್ರೆ ಬಿಟ್ಟು ಅದರ ಸುತ್ತಲಿನ ಧೂಳು ಮಾತ್ರ ಒರೆಸಿದರು. ಆಮೇಲೆ ಕತ್ತು ಕೂರಿಸಿ ಸ್ಕ್ರೂ ಬಿಗಿಯತೊಡಗಿದರು. ಆರೂಕಾಲು ಆಗಿತ್ತು, ಶ್ರುತಿ ಮಾಡಿಕೊಳ್ಳಬೇಕಿತ್ತು.